ಒಂದೇ ಕಾರ್ಖಾನೆಯಲ್ಲಿ ಸಂಶೋಧನೆ: ಯಾವ ಪ್ರಯೋಗ ವಿನ್ಯಾಸ ಆರಿಸಿಕೊಳ್ಳಲಿ?

ಪ್ರಶ್ನೆ: ನಾನು ಎಂಎಸ್‌ಡಬ್ಲ್ಯೂ ಎರಡನೇ ವರ್ಷದಲ್ಲಿದ್ದೇನೆ. ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಪ್ರಾಜೆಕ್ಟ್. ಅಲ್ಲಿ 24 ಹೊಲಿಗೆ ಲೈನ್‌ಗಳಿವೆ. ಕೆಲಸಗಾರರ ಜೊತೆ ಹೇಗೆ ಮಾತಾಡಬೇಕು ಅಂತ ಲೈನ್ ಸೂಪರ್‌ವೈಸರ್‌ಗಳಿಗೆ ತರಬೇತಿ ಕೊಡುತ್ತಾರೆ. ಅದರಿಂದ ಗೈರುಹಾಜರಿ ಕಡಿಮೆಯಾಗುತ್ತಾ ಅಂತ ನೋಡಬೇಕು. ತರಬೇತಿಗೆ ಮುಂಚಿನ ಹಾಜರಾತಿ, ಆಮೇಲಿನ ಹಾಜರಾತಿ ಹೋಲಿಸಿದರೆ ಸಾಕಾ? ಇಲ್ಲಾ ತರಬೇತಿ ಇರುವ, ಇಲ್ಲದ ಗುಂಪುಗಳನ್ನು ಮುಂಚಿತ ಪರೀಕ್ಷೆ ಇರುವವು, ಇಲ್ಲದವು ಅಂತ ಮತ್ತೆ ಒಡೆಯುವ ಸಾಲೊಮನ್ ನಾಲ್ಕು ಗುಂಪಿನ ಡಿಸೈನ್ ಬೇಕಾ?

ಉತ್ತರ:

ಮೊದಲನೆಯದು ಸಾಲದು, ಎರಡನೆಯದು ಬೇಡ. ಪಠ್ಯಪುಸ್ತಕದ ಡಿಸೈನ್ ಪಟ್ಟಿ ಸ್ವಲ್ಪ ಹೊತ್ತು ಮುಚ್ಚಿಡಿ. ಕಾರ್ಖಾನೆಯವರನ್ನು ಒಂದೇ ಪ್ರಶ್ನೆ ಕೇಳಿ: ಈ ತರಬೇತಿ ಸದ್ಯಕ್ಕೆ ಯಾರಿಗೆ ಸಿಗಲ್ಲ, ಅದನ್ನು ಯಾರು ತೀರ್ಮಾನ ಮಾಡ್ತಾರೆ? ಇದಕ್ಕೆ ಸಿಗುವ ಉತ್ತರದ ಮೇಲೆ ನಿಮ್ಮ ಡಿಸೈನ್ ನಿಂತಿದೆ.

ಮುಂಚೆ-ಆಮೇಲೆ ಹೋಲಿಕೆಯ ತೊಂದರೆ ಏನಂದರೆ, ಗಾರ್ಮೆಂಟ್ಸ್ ಹಾಜರಾತಿಗೆ ತನ್ನದೇ ಪಂಚಾಂಗ ಇದೆ. ಯುಗಾದಿ, ಗೌರಿ-ಗಣೇಶ, ದೀಪಾವಳಿ, ಊರ ಜಾತ್ರೆ. ಹಬ್ಬಕ್ಕೆ ಊರಿಗೆ ಹೋದವರು ರಜೆ ಮುಗಿದ ದಿನವೇ ಮಷಿನ್ ಮುಂದೆ ಕೂತಿರುತ್ತಾರೆ ಅಂತ ಯಾವ ಎಚ್‌ಆರ್ ಕೂಡ ನಂಬಲ್ಲ. ಗಣೇಶ ಹಬ್ಬದ ತಿಂಗಳು 'ಮುಂಚೆ', ಡಿಸೆಂಬರ್ 'ಆಮೇಲೆ' ಆದರೆ ಗೈರು ಇಳಿಯಲು ತರಬೇತಿಯೇ ಬೇಕಾಗಿಲ್ಲ. ಇನ್ನೊಂದು, ಎಚ್‌ಆರ್‌ಗೆ ಬಿಟ್ಟರೆ ಹೋದ ತಿಂಗಳು ತೀರಾ ಕೆಟ್ಟಿದ್ದ ಲೈನ್‌ಗಳನ್ನೇ ತರಬೇತಿಗೆ ಕಳಿಸುತ್ತಾರೆ. ಜ್ವರ, ಮದುವೆ, ಸಾವು ಎಲ್ಲಾ ಒಟ್ಟಿಗೆ ಬಂದು ಕೆಟ್ಟಿದ್ದ ಲೈನ್ ಮುಂದಿನ ತಿಂಗಳು ಹೇಗೂ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಹೆಸರು ಮಾತ್ರ ತರಬೇತಿಗೆ ಬರುತ್ತದೆ.

ಕ್ಲಾಸಿನಲ್ಲಿ ಹಾಥಾರ್ನ್ ಕಥೆ ಕೇಳಿರುತ್ತೀರಿ. 1924ರಿಂದ 1927ರವರೆಗೆ ಷಿಕಾಗೊ ಹತ್ತಿರದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆಯಲ್ಲಿ ದೀಪದ ಬೆಳಕು ಹೆಚ್ಚಿಸಿದರೂ ಉತ್ಪಾದನೆ ಏರಿತು, ಕಡಿಮೆ ಮಾಡಿದರೂ ಏರಿತು, ಯಾಕಂದರೆ ಕೆಲಸಗಾರರನ್ನು ಯಾರೋ ಗಮನಿಸುತ್ತಿದ್ದರು ಅಂತ. ಆ ಹಳೆಯ ಅಂಕಿಅಂಶ ಹುಡುಕಿ ತೆಗೆದು ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್ ಮತ್ತು ಜಾನ್ ಲಿಸ್ಟ್ 2011ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ಮಜಾ ಸಂಗತಿ ಇದೆ. ಬೆಳಕು ಬದಲಾಯಿಸುತ್ತಿದ್ದದ್ದು ಭಾನುವಾರ, ಕಾರ್ಖಾನೆ ಮುಚ್ಚಿದ್ದಾಗ. ಸೋಮವಾರ ಉತ್ಪಾದನೆ ಜಾಸ್ತಿ. ಆದರೆ ಬೆಳಕು ಬದಲಾಯಿಸದ ವಾರಗಳಲ್ಲೂ ಸೋಮವಾರ ಜಾಸ್ತಿಯೇ! ಹೋಲಿಸಲು ಸರಿಯಾದ ಗುಂಪು ಇಲ್ಲದಿದ್ದರೆ ಇಂಥ ಕಥೆಗಳು ದಶಕಗಟ್ಟಲೆ ಓಡಾಡುತ್ತವೆ.

ಈಗ ನಿಮ್ಮ 24 ಲೈನ್‌ಗೆ ಬರೋಣ. ತರಬೇತುದಾರರು ಒಂದೇ ಸಲಕ್ಕೆ ಎಲ್ಲರನ್ನೂ ಕೂರಿಸಲ್ಲ. ಪ್ರೊಡಕ್ಷನ್ ಮ್ಯಾನೇಜರ್ ಬಿಡುವುದೂ ಇಲ್ಲ, ಶಿಪ್‌ಮೆಂಟ್ ಇರುತ್ತಲ್ವಾ. ಅದೇ ನಿಮಗೆ ಅನುಕೂಲ. 12 ಲೈನ್ ಈಗ, ಉಳಿದ 12 ಮೂರು ನಾಲ್ಕು ತಿಂಗಳು ಬಿಟ್ಟು ಅಂತ ಒಪ್ಪಿಸಿ. ಯಾರಿಗೂ ಇಲ್ಲ ಅಂದ ಹಾಗಾಗಲ್ಲ, ಕಾಯುವವರೇ ನಿಮ್ಮ ಕಂಟ್ರೋಲ್ ಗುಂಪು, ಅಂದರೆ ಹೋಲಿಸಿ ನೋಡುವ ಗುಂಪು. ಯಾರು ಮೊದಲು ಅನ್ನೋದು ಮಾತ್ರ ಲಾಟರಿಯಲ್ಲೇ ತೀರ್ಮಾನವಾಗಬೇಕು.

ಲಾಟರಿ ಯಾವುದರ ಮೇಲೆ ಹಾಕಬೇಕು ಅನ್ನೋದೇ ಇಲ್ಲಿ ಮುಖ್ಯ. ಗಾರ್ಮೆಂಟ್ಸ್ ಕಂಪನಿ ಶಾಹಿ ಎಕ್ಸ್‌ಪೋರ್ಟ್ಸ್‌ನ ಬೆಂಗಳೂರಿನ 5 ಕಾರ್ಖಾನೆಗಳಲ್ಲಿ ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನಿಶಾಧಂ ಒಂದು ಪ್ರಯೋಗ ಮಾಡಿದರು. ಅಲ್ಲಿ ತರಬೇತಿ ಕೆಲಸಗಾರರಿಗೇ, ಜೀವನ ಕೌಶಲದ್ದು. ಅದಕ್ಕೆ ಹೆಸರು ಕೊಟ್ಟ ಹೆಣ್ಣುಮಕ್ಕಳಲ್ಲಿ ಮೊದಲು ಲೈನ್‌ಗಳ ಮಟ್ಟದಲ್ಲಿ ಲಾಟರಿ, ಆಮೇಲೆ ಆಯ್ಕೆಯಾದ ಲೈನ್‌ನೊಳಗೆ ಇನ್ನೊಂದು ಲಾಟರಿ. ಎರಡು ಹಂತ ಯಾಕೆ? ತರಬೇತಿ ಪಡೆದವಳ ಪಕ್ಕದಲ್ಲಿ ಕೂತು ಹೊಲಿಯುವವಳಿಗೂ ಏನಾದರೂ ದಾಟುತ್ತಾ ಅಂತ ನೋಡಲು. ದಾಟಿತ್ತು ಕೂಡ. ಕರ್ನಾಟಕದ ಇನ್ನೊಂದು ಉದಾಹರಣೆ ನೋಡಿ. 5 ಜಿಲ್ಲೆಗಳ 322 ಪ್ರಾಥಮಿಕ ಆರೋಗ್ಯ ಕೇಂದ್ರಗಳ ಪೈಕಿ 140ರಲ್ಲಿ ಬೆರಳಚ್ಚು ಹಾಜರಾತಿ ಯಂತ್ರ ಇಟ್ಟು ಇಕ್ಬಾಲ್ ಧಾಲಿವಾಲ್, ರೆಮಾ ಹನ್ನಾ ಅಧ್ಯಯನ ಮಾಡಿದರು. ಯಂತ್ರ ಇಡೀ ಕೇಂದ್ರಕ್ಕೆ ಒಂದೇ. ನರ್ಸ್‌ಗೆ ಇದೆ, ಫಾರ್ಮಸಿಸ್ಟ್‌ಗೆ ಇಲ್ಲ ಅನ್ನಲು ಆಗಲ್ಲ. ಹಾಗಾಗಿ ಅಲ್ಲಿ ಲಾಟರಿ ಕೇಂದ್ರಗಳ ಮೇಲೆ. (ನರ್ಸ್, ಲ್ಯಾಬ್ ಟೆಕ್ನಿಷಿಯನ್, ಫಾರ್ಮಸಿಸ್ಟ್‌ಗಳ ಹಾಜರಾತಿ ಏರಿತು, ವೈದ್ಯರದ್ದು ಏರಲಿಲ್ಲ.)

ನಿಮ್ಮ ತರಬೇತಿ ಬೀಳುವುದು ಸೂಪರ್‌ವೈಸರ್ ಮೇಲೆ, ಅಂದರೆ ಇಡೀ ಲೈನ್ ಮೇಲೆ. ಆದ್ದರಿಂದ ಲಾಟರಿಗೂ ಲೆಕ್ಕಕ್ಕೂ ಲೈನೇ ಘಟಕ. ಲೈನ್‌ಗೆ 50 ಜನ ಅಂದುಕೊಂಡರೂ ನಿಮ್ಮ ಹತ್ತಿರ ಇರೋದು 24 ಘಟಕ, 1,200 ಅಲ್ಲ. ಎಸ್‌ಪಿಎಸ್‌ಎಸ್ ಅನ್ನೋ ಅಂಕಿಅಂಶದ ಸಾಫ್ಟ್‌ವೇರ್‌ಗೆ 1,200 ಸಾಲು ಹಾಕಿ, ಎರಡು ಗುಂಪಿನ ಸರಾಸರಿ ಹೋಲಿಸುವ ಟಿ-ಟೆಸ್ಟ್ ಒತ್ತಿದರೆ ಎಲ್ಲವೂ 'ಸಿಗ್ನಿಫಿಕೆಂಟ್' (ಆಕಸ್ಮಿಕವಲ್ಲ) ಅಂತ ಬರುವ ಅಪಾಯ ಇದೆ. ವೈವಾದಲ್ಲಿ ಸಿಕ್ಕಿಬೀಳುವುದೂ ಅಲ್ಲೇ.

ಘಟಕ ಕಡಿಮೆ ಇರೋದರಿಂದ ಸುಮ್ನೆ 24 ಚೀಟಿ ಎತ್ತಬೇಡಿ. ಹಿಂದಿನ ಗೈರುಹಾಜರಿ, ಶರ್ಟ್ ಲೈನಾ ಪ್ಯಾಂಟ್ ಲೈನಾ, ಇವನ್ನು ನೋಡಿ ಒಂದೇ ತರದ ಎರಡೆರಡು ಲೈನ್ ಜೋಡಿ ಮಾಡಿ. ಪ್ರತಿ ಜೋಡಿಯಲ್ಲಿ ಒಂದು ಚೀಟಿ ಎತ್ತಿ. 12 ಜೋಡಿಗೆ ಲಾಟರಿ 4,096 ಬಗೆಯಲ್ಲಿ ಬೀಳಬಹುದು. ಕೊನೆಗೆ ಆ 4,096 ಬಗೆಯಲ್ಲೂ ವ್ಯತ್ಯಾಸ ಲೆಕ್ಕ ಹಾಕಿ, ನಿಮಗೆ ಸಿಕ್ಕಷ್ಟು ದೊಡ್ಡ ವ್ಯತ್ಯಾಸ ಅದರಲ್ಲಿ ಎಷ್ಟು ಸಲ ಬರುತ್ತೆ ನೋಡಿ. ಅಪರೂಪಕ್ಕೆ ಬಂದರೆ, ಅದು ಬರೀ ಚೀಟಿಯ ಅದೃಷ್ಟ ಅನ್ನೋದು ಕಷ್ಟ. ಕಂಪ್ಯೂಟರ್‌ಗೆ ಇದು ಏನೂ ಅಲ್ಲ, ಗೈಡ್‌ಗೆ ವಿವರಿಸೋದೂ ಸುಲಭ.

ಚೀಟಿಯನ್ನು ಎಲ್ಲರ ಎದುರೇ ಎತ್ತಿಸಿ. ನಾನು ನೋಡಿದ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರ್‌ನಲ್ಲಿ ಲಾಟರಿ ಮಾಡಿ ನೋಟಿಸ್ ಬೋರ್ಡ್‌ಗೆ ಪಟ್ಟಿ ಅಂಟಿಸಿದರು. ಊಟದ ಹೊತ್ತಿಗೆಲ್ಲಾ "ಮ್ಯಾನೇಜರ್‌ಗೆ ಬೇಕಾದವರದ್ದೇ ಬಂದಿದೆ" ಅಂತ ಗುಸುಗುಸು ಶುರು. ಮುಂದಿನ ಬ್ಯಾಚ್‌ಗೆ ಕ್ಯಾಂಟೀನ್‌ನಲ್ಲೇ ಸ್ಟೀಲ್ ಡಬ್ಬಕ್ಕೆ ಚೀಟಿ ಹಾಕಿದರು. ಒಬ್ಬ ಸೂಪರ್‌ವೈಸರ್ ಮುಂದೆ ಬಂದು "ನಮ್ಮ ಲೈನ್ ಚೀಟಿ ಬಿಚ್ಚಿ ತೋರ್ಸಿ ಮೇಡಂ" ಅಂದರು. ಅದನ್ನು ನೋಡಿದ ಮೇಲೆ ತಾವೇ ಮಡಚಿ ಡಬ್ಬಕ್ಕೆ ಹಾಕಿದರು. ಅವರ ಲೈನ್ ಬರಲಿಲ್ಲ, ಆದರೂ ತಕರಾರು ಎತ್ತಲಿಲ್ಲ.

ಇನ್ನು ಸಾಲೊಮನ್ ಡಿಸೈನ್. ಮುಂಚಿತ ಪರೀಕ್ಷೆಯೇ ಜನರ ಉತ್ತರ ಬದಲಾಯಿಸುತ್ತೆ ಅನ್ನೋ ಅನುಮಾನ ಇದ್ದಾಗ ಅದು ಬೇಕು. ನಿಮ್ಮ ಅಳತೆ ಪಂಚಿಂಗ್ ಯಂತ್ರದ ದಾಖಲೆ. ಅದನ್ನು ತೆಗೆದು ನೋಡಿದ ಮಾತ್ರಕ್ಕೆ ಯಾರ ಹಾಜರಾತಿಯೂ ಬದಲಾಗಲ್ಲ. 24 ಲೈನ್ ನಾಲ್ಕು ಪಾಲು ಮಾಡಿದರೆ ಪಾಲಿಗೆ ಆರೇ ಆರು ಉಳಿಯುತ್ತವೆ.

ನೆಲದ ಮೇಲೆ ಆಗುವ ಗಲಿಬಿಲಿ ಒಂದಿದೆ. ಒಂದು ಲೈನ್‌ನಲ್ಲಿ ಜನ ಕಡಿಮೆ ಬಿದ್ದರೆ ಪಕ್ಕದ ಲೈನ್‌ನಿಂದ ಆಪರೇಟರ್‌ಗಳನ್ನು ಎತ್ತಿ ಕೂರಿಸುತ್ತಾರೆ. ಚೀಟಿ ಎತ್ತಿದ ದಿನ ಯಾರು ಯಾವ ಲೈನ್‌ನಲ್ಲಿದ್ದರೋ ಕೊನೆತನಕ ಅದೇ ಲೈನ್‌ನ ಲೆಕ್ಕಕ್ಕೆ ಹಿಡಿಯಿರಿ. ತರಬೇತಿಗೆ ಚಕ್ಕರ್ ಹೊಡೆದ ಸೂಪರ್‌ವೈಸರ್‌ನ ಲೈನ್ ಕೂಡ ತರಬೇತಿ ಗುಂಪಿನಲ್ಲೇ ಇರಲಿ. ಅವರನ್ನು ತೆಗೆದರೆ ಉತ್ಸಾಹಿಗಳೇ ಉಳಿದು ಲಾಟರಿ ಹಾಕಿದ್ದೇ ದಂಡ.

ಎಚ್‌ಆರ್ ಈಗಾಗಲೇ ಪಟ್ಟಿ ಮಾಡಿ ಕಳಿಸಿಬಿಟ್ಟಿದ್ದರೆ ಲಾಟರಿ ಹೋಯಿತು. ಆಗ ಹೋದ ಲೈನ್, ಹೋಗದ ಲೈನ್ ಎರಡರದ್ದೂ ಹಿಂದಿನ ಎರಡು ವರ್ಷದ ತಿಂಗಳವಾರು ಹಾಜರಾತಿ ತೆಗೆದುಕೊಳ್ಳಿ. ತರಬೇತಿಗೆ ಮುಂಚೆ ಎರಡೂ ಗುಂಪಿನ ಗೈರು ಒಟ್ಟೊಟ್ಟಿಗೆ ಏರಿ ಇಳಿದಿದ್ದರೆ, ಆಮೇಲೆ ಕಂಡ ಅಂತರವನ್ನು ಸ್ವಲ್ಪ ನಂಬಬಹುದು. ಥೀಸಿಸ್‌ನಲ್ಲಿ ಮಾತ್ರ ಅದನ್ನು ಅರೆ-ಪ್ರಯೋಗ (ಲಾಟರಿ ಇಲ್ಲದ ಹೋಲಿಕೆ) ಅಂತಲೇ ಬರೆಯಿರಿ. ಲಾಟರಿ ಸಿಕ್ಕರೂ ಸಿಗದಿದ್ದರೂ ಈ ಹಳೇ ಹಾಜರಾತಿಯನ್ನು ಮೊದಲೇ ಕೇಳಿ ಇಟ್ಟುಕೊಳ್ಳಿ. ಜೋಡಿ ಮಾಡಲೂ ಅದೇ ಬೇಕು.