ನನ್ನದು ನೇರ ಕೂದಲು, ಮಗಳದು ಬಿಗಿ ಗುಂಗುರು: ಅಳಿಸದೆ ಬಾಚುವುದು ಹೇಗೆ?

ನೀವು ಕೇಳಿರುವುದು ಇಷ್ಟು: ನಿಮ್ಮದು ನೇರ ಕೂದಲು, 4 ವರ್ಷದ ಮಗಳದು ಸ್ಪ್ರಿಂಗಿನಂಥ ಬಿಗಿ ಗುಂಗುರು. ದಿನಾ ಬೆಳಿಗ್ಗೆ ಬಾಚಣಿಗೆ ಕೈಗೆತ್ತಿಕೊಂಡರೆ ಅಳು ಶುರು. ಬಾಚಿ ಮುಗಿಸಿದರೆ ಕೂದಲು ಕೆದರಿಕೊಂಡು ನಿಲ್ಲುತ್ತದೆ, ಬಾಚಣಿಗೆ ತುಂಬ ತುಂಡು ಕೂದಲು. ಎಲ್ಲಿ ತಪ್ಪುತ್ತಿದ್ದೇನೆ?

ನಿಮ್ಮ ತಲೆಗೆ ಮಾಡಿಕೊಳ್ಳುವುದನ್ನೇ ಅವಳ ತಲೆಗೂ ಮಾಡುತ್ತಿದ್ದೀರಿ, ತೊಂದರೆಯ ಬೇರು ಅಲ್ಲಿದೆ. ಒಣಗಿದ ಕೂದಲನ್ನು ಬಾಚುವುದು, ದಿನಾ ಬಾಚುವುದು, ಎರಡು ದಿನಕ್ಕೊಮ್ಮೆ ಶಾಂಪೂ ಹಾಕುವುದು, ಟವೆಲಿನಿಂದ ಗಸಗಸ ಉಜ್ಜುವುದು: ನೇರ ಕೂದಲು ಇದನ್ನೆಲ್ಲ ತಡೆದುಕೊಳ್ಳುತ್ತದೆ, ಗುಂಗುರು ತಡೆದುಕೊಳ್ಳುವುದಿಲ್ಲ.

ಕಾರಣ ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ನೇರ ಕೂದಲಿನಲ್ಲಿ ತಲೆಯ ಚರ್ಮ ಒಸರುವ ಜಿಡ್ಡು ಎಳೆಯುದ್ದಕ್ಕೂ ಇಳಿದು ತುದಿ ಮುಟ್ಟುತ್ತದೆ. ಗುಂಗುರಿನಲ್ಲಿ ಅದು ಮೊದಲ ಕೆಲವು ತಿರುವುಗಳಲ್ಲೇ ನಿಂತುಬಿಡುತ್ತದೆ. ಹಾಗಾಗಿ ಬುಡದಲ್ಲಿ ಜಿಡ್ಡಿದ್ದರೂ ತುದಿ ಒಣಹುಲ್ಲಿನಂತಿರುತ್ತದೆ. ಜೊತೆಗೆ ಬಿಗಿ ಗುಂಗುರಿನ ಎಳೆ ದುಂಡಗಿರದೆ ಚಪ್ಪಟೆಯಾಗಿರುತ್ತದೆ, ಪ್ರತಿ ತಿರುವೂ ಮುರಿಯಲು ಒಂದು ಜಾಗ. ನೋಡಲು ದಟ್ಟವಾಗಿ, ಗಟ್ಟಿಯಾಗಿ ಕಾಣುವ ಈ ಕೂದಲು ನಿಮ್ಮ ಕೂದಲಿಗಿಂತ ಬೇಗ ತುಂಡಾಗುತ್ತದೆ. ಅದಕ್ಕೇ ಇದನ್ನು ಬಲ ಹಾಕಿ ಪಳಗಿಸಲು ಹೋಗಬಾರದು.

ಒದ್ದೆ ಕೂದಲು ಬಾಚಬಾರದು ಎಂದು ಕೇಳಿರುತ್ತೀರಿ. ನೇರ ಕೂದಲಿಗೆ ಅದು ಸರಿಯಾದ ಮಾತೇ. ಒದ್ದೆಯಾದಾಗ ಎಳೆ ಹೆಚ್ಚು ಹಿಗ್ಗುತ್ತದೆ, ಹಿಗ್ಗಿ ಹರಿಯುತ್ತದೆ. ಬಿಗಿ ಗುಂಗುರಿನಲ್ಲಿ ಮಾತ್ರ ಲೆಕ್ಕ ತಿರುಗಿಬೀಳುತ್ತದೆ: ಒಣಗಿದ ಸುರುಳಿಗಳು ಒಂದಕ್ಕೊಂದು ತಿಕ್ಕಿ ಆಗುವ ಹಾನಿಯೇ ಹೆಚ್ಚು. ನೀರೂ ಕಂಡಿಷನರ್ರೂ ಸೇರಿದರೆ ಎಳೆಗಳು ಜಾರುತ್ತವೆ, ಸಿಕ್ಕು ಸಡಿಲವಾಗುತ್ತದೆ. ಈ ಕೂದಲಿಗೆ ಬಾಚಣಿಗೆ ಮುಟ್ಟುವುದಾದರೆ ಕೂದಲು ಒದ್ದೆಯಿರಬೇಕು, ಕಂಡಿಷನರ್ ಹಚ್ಚಿರಬೇಕು. ಒಂದೇ ಒಂದು ಬದಲಾವಣೆ ಮಾಡುತ್ತೀರಾದರೆ ಇದನ್ನು ಮಾಡಿ.

ಈಗ ತಲೆಸ್ನಾನದ ದಿನಕ್ಕೆ ಬರೋಣ. 7ರಿಂದ 10 ದಿನಕ್ಕೊಮ್ಮೆ ಸಾಕು. ಮೊದಮೊದಲು ಒಂದೂವರೆ ಗಂಟೆ ಎತ್ತಿಡಿ, ಕೈ ಕುದುರಿದ ಮೇಲೆ ಮುಕ್ಕಾಲು ಗಂಟೆಗೆ ಇಳಿಯುತ್ತದೆ. ಮಗುವಿಗೆ ಹಸಿವು, ನಿದ್ದೆ ಎರಡೂ ಇಲ್ಲದ ಹೊತ್ತು ನೋಡಿಕೊಳ್ಳಿ. ಅವಸರದಲ್ಲಿ ಕೈ ತಾನಾಗಿ ಒರಟಾಗುತ್ತದೆ, ಮಗುವಿನ ಭಯ ಹುಟ್ಟುವುದು ಅಲ್ಲೇ.

ಸಿಕ್ಕು ಬಿಡಿಸುವುದು ಶಾಂಪೂವಿಗೆ ಮೊದಲು. ಸಿಕ್ಕಿದ್ದ ಹಾಗೆಯೇ ತಲೆ ತೊಳೆದರೆ ಗಂಟು ನೀರು ಕುಡಿದು ಇನ್ನೂ ಬಿಗಿಯುತ್ತದೆ. ಬೆರಳಿನಿಂದಲೇ ಬೈತಲೆ ತೆಗೆದು ಕೂದಲನ್ನು ನಾಲ್ಕು ಪಾಲು ಮಾಡಿ, ತುಂಬ ದಟ್ಟವಿದ್ದರೆ ಎಂಟು. ಒಂದು ಪಾಲು ಬಿಟ್ಟು ಉಳಿದವನ್ನು ಕ್ಲಿಪ್ ಹಾಕಿ ಪಕ್ಕಕ್ಕಿಡಿ. ಕೈಯಲ್ಲಿರುವ ಪಾಲಿಗೆ ಉಗುರುಬೆಚ್ಚಗಿನ ನೀರು ಸಿಂಪಡಿಸಿ ಪೂರ್ತಿ ತೋಯಿಸಿ. ಮೇಲ್ಮೈ ಮಾತ್ರ ಒದ್ದೆಯಾದರೆ ಸಾಲದು, ಹಿಂಡಿದರೆ ನೀರು ಬರಬೇಕು. ಆಮೇಲೆ ಕಂಡಿಷನರ್. ಭುಜದುದ್ದದ ದಟ್ಟ ಕೂದಲಿಗೆ ಒಟ್ಟು 3ರಿಂದ 4 ದೊಡ್ಡ ಚಮಚ ಬೇಕಾಗುತ್ತದೆ. ನಿಮ್ಮ ತಲೆಗೆ ಹಾಕಿಕೊಳ್ಳುವ ಅಳತೆಯಲ್ಲಿ ಹಾಕಿದರೆ ಏನೇನೂ ಸಾಲುವುದಿಲ್ಲ, ಹೆಚ್ಚಿನವರು ಎಡವುವುದು ಈ ಜಿಪುಣತನದಲ್ಲೇ.

ಮೊದಲು ಬೆರಳುಗಳಿಂದ ದೊಡ್ಡ ಗಂಟುಗಳನ್ನು ಅಗಲಿಸಿ. ಗಂಟನ್ನು ಕೆಳಕ್ಕೆ ಜಗ್ಗಬೇಡಿ, ಎರಡು ಪಕ್ಕಕ್ಕೆ ಎಳೆ ಎಳೆಯಾಗಿ ಬಿಡಿಸಿ. ಆಮೇಲೆ ಅಗಲ ಹಲ್ಲಿನ ಬಾಚಣಿಗೆ. ತುದಿಯ ಎರಡು ಬೆರಳಗಲದಿಂದ ಶುರುಮಾಡಿ, ಅದು ಸಲೀಸಾದ ಮೇಲೆ ಇನ್ನೆರಡು ಬೆರಳಗಲ ಮೇಲಕ್ಕೆ, ಹೀಗೆ ಕೊನೆಗೆ ಬುಡ. ಬುಡದಿಂದ ಶುರುಮಾಡಿದರೆ ದಾರಿಯಲ್ಲಿರುವ ಸಿಕ್ಕೆಲ್ಲ ಕೆಳಗೆ ಸರಿದು ಒಂದೇ ಕಡೆ ಕಗ್ಗಂಟಾಗುತ್ತದೆ. ಇನ್ನೊಂದು ಕೈಯಲ್ಲಿ ಗಂಟಿನ ಮೇಲ್ಭಾಗದ ಕೂದಲನ್ನು ಮುಷ್ಟಿ ಹಿಡಿದಿರಿ. ಆಗ ಎಳೆತ ನಿಮ್ಮ ಮುಷ್ಟಿಯಲ್ಲೇ ನಿಲ್ಲುತ್ತದೆ, ನೆತ್ತಿಗೆ ತಲುಪುವುದಿಲ್ಲ. ಅಳು ನಿಲ್ಲಿಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ತಿಳಿದಿಲ್ಲ. ಪಾಲು ಮುಗಿದ ಕೂಡಲೇ ಅದನ್ನು ಸಡಿಲವಾಗಿ ಹೆಣೆದುಬಿಡಿ, ಇಲ್ಲದಿದ್ದರೆ ಮುಂದಿನ ಪಾಲು ಮುಗಿಯುವಷ್ಟರಲ್ಲಿ ಮತ್ತೆ ಸಿಕ್ಕಾಗಿರುತ್ತದೆ.

ಈ ಹೊತ್ತಿನಲ್ಲಿ ಕೈಗೆ ದೊಡ್ಡ ಉಂಡೆ ಕೂದಲು ಬಂದರೆ ಗಾಬರಿಯಾಗಬೇಡಿ. ಯಾರ ತಲೆಯಿಂದಲಾದರೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ನಿಮ್ಮದು ನೆಲಕ್ಕೆ ಬೀಳುತ್ತದೆ, ಅವಳದು ಸುರುಳಿಗಳ ನಡುವೆಯೇ ಉಳಿದು ವಾರದ್ದೆಲ್ಲ ಒಟ್ಟಿಗೆ ಬರುತ್ತದೆ. ಉದ್ದ ಎಳೆಯ ತುದಿಯಲ್ಲಿ ಬಿಳಿ ಚುಕ್ಕೆ ಕಂಡರೆ ಅದು ಬುಡದಿಂದ ತಾನಾಗಿ ಉದುರಿದ್ದು. ಚುಕ್ಕೆಯಿಲ್ಲದ ಚೂರುಗಳೇ ಜಾಸ್ತಿಯಿದ್ದರೆ ತುಂಡಾಗುತ್ತಿದೆ ಎಂದರ್ಥ. ಆಗ ಕಂಡಿಷನರ್ ಹೆಚ್ಚಿಸಿ, ಕೈ ನಿಧಾನ ಮಾಡಿ.

ಶಾಂಪೂ ನೆತ್ತಿಗೆ ಮಾತ್ರ. ಒಂದು ಚಹಾ ಚಮಚ ಶಾಂಪೂವನ್ನು 100 ಮಿ.ಲೀ. ನೀರಿಗೆ ಬೆರೆಸಿ, ಮೂತಿಯಿರುವ ಬಾಟಲಿಯಿಂದ ಜಡೆಗಳ ನಡುವಿನ ಬೈತಲೆಗೆ ಬಿಟ್ಟು ಬೆರಳ ತುದಿಯಿಂದ ತಿಕ್ಕಿ. ಉಗುರು ಬೇಡ. ತೊಳೆಯುವಾಗ ಇಳಿಯುವ ನೊರೆಯೇ ಉದ್ದಕ್ಕೆ ಸಾಕು. ಕೂದಲನ್ನೆಲ್ಲ ನೆತ್ತಿಯ ಮೇಲೆ ಗುಡ್ಡೆ ಹಾಕಿ ಉಜ್ಜಿದರೆ ಬಿಡಿಸಿದ ಶ್ರಮವೆಲ್ಲ ನೀರುಪಾಲು. ಶಾಂಪೂ ಆರಿಸುವಾಗ ಸೋಡಿಯಂ ಲಾರಿಲ್ ಸಲ್ಫೇಟ್ ಇರುವುದನ್ನು ಬಿಡಿ, ಇರುವ ಅಷ್ಟಿಷ್ಟು ಜಿಡ್ಡನ್ನೂ ಅದು ಎಳೆದುಬಿಡುತ್ತದೆ. ಒರೆಸಲು ಟವೆಲ್ ಬೇಡ, ಹಳೆಯ ಹತ್ತಿ ಟೀ ಶರ್ಟ್ ತೆಗೆದುಕೊಂಡು ಹಿಂಡಿ ಹಿಂಡಿ ನೀರು ಹೀರಿಸಿ.

ಕೂದಲು ಇನ್ನೂ ಒದ್ದೆಯಿರುವಾಗಲೇ, ತೊಳೆಯದೆ ಬಿಡುವ ಬಗೆಯ ಕಂಡಿಷನರ್ ಅಥವಾ ಕ್ರೀಮನ್ನು ಪಾಲಿಗೊಂದು ಚಹಾ ಚಮಚದಷ್ಟು ಹಚ್ಚಿ. ಅದರ ಮೇಲೆ ನಾಲ್ಕೈದು ಹನಿ ಎಣ್ಣೆ. ಎಣ್ಣೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಕೂತಿದೆ: ಎಣ್ಣೆ ಕೂದಲಿಗೆ ತೇವ ಕೊಡುವುದಿಲ್ಲ. ತೇವ ಕೊಡುವುದು ನೀರು, ಎಣ್ಣೆ ಅದನ್ನು ಆರದಂತೆ ಹಿಡಿದಿಡುತ್ತದೆ ಅಷ್ಟೆ. ಒಣ ಕೂದಲಿಗೆ ಎಷ್ಟು ಸುರಿದರೂ ಒಳಗೆ ಒಣಗಿರುತ್ತದೆ, ಮೇಲೆ ಜಿಡ್ಡಿರುತ್ತದೆ, ಧೂಳು ಅಂಟುತ್ತದೆ.

ಉಳಿದ ದಿನಗಳಲ್ಲಿ ಬಾಚಣಿಗೆಯೇ ಬೇಡ. 200 ಮಿ.ಲೀ. ನೀರಿಗೆ ಒಂದು ದೊಡ್ಡ ಚಮಚ ಕಂಡಿಷನರ್ ಕಲಸಿ ಸ್ಪ್ರೇ ಬಾಟಲಿಯಲ್ಲಿಡಿ. ಬೆಳಿಗ್ಗೆ ಸಿಂಪಡಿಸಿ, ಅಂಗೈಯಲ್ಲಿ ಸುರುಳಿಗಳನ್ನು ಮೆಲ್ಲಗೆ ಅಮುಕಿ ಬಿಡಿ. ಈ ಮಿಶ್ರಣವನ್ನು ಎರಡು ಮೂರು ದಿನಕ್ಕೊಮ್ಮೆ ಚೆಲ್ಲಿ ಹೊಸದು ಮಾಡಿ, ಇಟ್ಟರೆ ಕೆಡುತ್ತದೆ.

ಬಿಚ್ಚಿಟ್ಟ ಕೂದಲು ಚಂದವೇ, ಆದರೆ ಬೇಗ ಸಿಕ್ಕಾಗುತ್ತದೆ. ದಿನದ ಜಗಳ ತಪ್ಪಿಸಲು ಎರಡೆಳೆಯ ಹುರಿ ಒಳ್ಳೆಯದು. ಒಂದು ಪಾಲನ್ನು ಎರಡು ಮಾಡಿ, ಹಗ್ಗ ಹೊಸೆದಂತೆ ಒಂದರ ಮೇಲೊಂದು ಸುತ್ತುತ್ತ ತುದಿಯವರೆಗೆ ಹೋಗಿ. ಮೂರೆಳೆಯ ಜಡೆಗಿಂತ ಕಲಿಯುವುದೂ ಸುಲಭ, ಬಿಚ್ಚುವುದೂ ಸುಲಭ. ಒಂದು ವಾರ ನಿಲ್ಲುತ್ತದೆ. ಕೂದಲು ಒಣಗಿದಾಗ ಮುದುಡಿ ಉದ್ದ ಅರ್ಧಕ್ಕೂ ಇಳಿಯಬಹುದು, ಒದ್ದೆಯಲ್ಲಿ ಬಿಗಿ ಹಾಕಿದರೆ ಒಣಗುತ್ತ ಇನ್ನೂ ಬಿಗಿಯುತ್ತದೆ. ಅದನ್ನು ಲೆಕ್ಕದಲ್ಲಿಟ್ಟು ಸಡಿಲ ಬಿಡಿ.

ಬಿಗಿ ಜಡೆಯ ವಿಷಯದಲ್ಲಿ ನಾನು ಸ್ವಲ್ಪವೂ ರಾಜಿಯಾಗುವುದಿಲ್ಲ. ಹಣೆಯಂಚಿನಲ್ಲಿ, ಕಿವಿಯ ಮೇಲೆ ಬುಡದಲ್ಲಿ ಸಣ್ಣ ಗುಳ್ಳೆ ಎದ್ದರೆ, ಚರ್ಮ ಜಗ್ಗಿ ಹುಬ್ಬು ಮೇಲೇರಿದಂತೆ ಕಂಡರೆ, ಮಗು ನೋವೆಂದರೆ, ಎಷ್ಟೇ ಹೊತ್ತು ಕೂತು ಹಾಕಿದ ಜಡೆಯಾದರೂ ಅಂದೇ ಬಿಚ್ಚಬೇಕು. ತಿಂಗಳುಗಟ್ಟಲೆ ಹೀಗೆ ಎಳೆಯುತ್ತಲೇ ಇದ್ದರೆ ಅಂಚಿನ ಕೂದಲು ತೆಳುವಾಗುತ್ತದೆ, ಬುಡವೇ ಸತ್ತರೆ ಮತ್ತೆ ಬರುವುದಿಲ್ಲ. ತೆಳು ರಬ್ಬರ್ ಬ್ಯಾಂಡನ್ನು ಎಳೆದು ತೆಗೆಯದೆ ಕತ್ತರಿಯಿಂದ ಕತ್ತರಿಸಿ. ಮಣಿ ಪೋಣಿಸುವ ಆಸೆಯಿದ್ದರೆ ಹಗುರವಾದದ್ದು, ಕಡಿಮೆ. 3 ವರ್ಷದೊಳಗಿನ ಮಕ್ಕಳಿಗೆ ಬೇಡವೇ ಬೇಡ, ಉದುರಿದ ಮಣಿ ಬಾಯಿಗೆ ಹೋಗುತ್ತದೆ.

ರಾತ್ರಿ ಹತ್ತಿಯ ದಿಂಬು ತೇವವನ್ನೂ ಹೀರುತ್ತದೆ, ಎಳೆಗಳನ್ನೂ ತಿಕ್ಕುತ್ತದೆ. ಸ್ಯಾಟಿನ್ ಅಥವಾ ರೇಷ್ಮೆಯ ದಿಂಬುಚೀಲ ಹಾಕಿದರೆ ಬೆಳಗಿನ ಸಿಕ್ಕು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ. ಮನೆಯಲ್ಲಿ ವರ್ಷ ತುಂಬದ ಕೂಸೂ ಇದ್ದರೆ ಅದಕ್ಕೆ ಇದನ್ನು ಮಾಡಬೇಡಿ. ಅಷ್ಟು ಚಿಕ್ಕ ಮಗುವಿಗೆ ದಿಂಬೂ ಬೇಡ, ಮಲಗುವಾಗ ತಲೆಗೆ ಟೋಪಿಯೂ ಬೇಡ, ಉಸಿರುಕಟ್ಟುವ ಅಪಾಯವಿದೆ.

ಈಜಿಗೆ ಹೋಗುವುದಿದ್ದರೆ ಮೊದಲೇ ಒಳ್ಳೆಯ ನೀರಿನಲ್ಲಿ ತೋಯಿಸಿ ಕಂಡಿಷನರ್ ಹಚ್ಚಿ. ಆಗಲೇ ನೆನೆದ ಕೂದಲು ಕ್ಲೋರಿನ್ ನೀರನ್ನು ಕಡಿಮೆ ಕುಡಿಯುತ್ತದೆ. ಬಂದ ಕೂಡಲೇ ತೊಳೆಯಿರಿ.

ಕೂದಲು ನೇರ ಮಾಡಿಸುವ ರಾಸಾಯನಿಕದ ಯೋಚನೆ ಯಾರಾದರೂ ತಲೆಗೆ ತುಂಬಿದರೆ ಕಿವಿಗೊಡಬೇಡಿ. ಅದರಲ್ಲಿರುವ ಕ್ಷಾರ ಮಗುವಿನ ಚರ್ಮವನ್ನು ಸುಡಬಲ್ಲದು. ಬಾಚುವಾಗ "ಅಯ್ಯೋ, ಎಂಥ ಕೂದಲು ಇದು" ಎಂಬ ಮಾತು ಬಾಯಿಗೆ ಬಂದರೆ ನುಂಗಿಕೊಳ್ಳಿ. ಅವಳಿಗೆ ಅದು ಕೇಳಿಸುತ್ತದೆ, ನಿಮ್ಮ ತಲೆಗೂ ತನ್ನ ತಲೆಗೂ ಇರುವ ವ್ಯತ್ಯಾಸ ಅವಳಿಗೆ ಆಗಲೇ ಕಾಣುತ್ತಿರುತ್ತದೆ. ಬೇರೊಂದು ಬಾಚಣಿಗೆ ಅವಳ ಕೈಗೆ ಕೊಟ್ಟು ಒಂದು ಪಾಲಿನ ತುದಿಯನ್ನು ಅವಳೇ ಬಿಡಿಸಲಿ.

ನೆತ್ತಿಯ ಮೇಲೂ ಕಣ್ಣಿರಲಿ. ಒಂದು ಕಡೆ ದುಂಡಗೆ ಕೂದಲು ಹೋಗಿ, ಅಲ್ಲಿ ಹೊಟ್ಟು ಎದ್ದು, ಬುಡದಲ್ಲೇ ಮುರಿದ ಕೂದಲು ಕಪ್ಪು ಚುಕ್ಕೆಗಳಂತೆ ಕಂಡರೆ ಅದು ಒಣಚರ್ಮ ಇರಲಾರದು, ಶಿಲೀಂಧ್ರದ ಸೋಂಕು ಇರಬಹುದು, ಮಕ್ಕಳಲ್ಲಿ ಇದು ಸಾಮಾನ್ಯ. ಎಣ್ಣೆ ಹಚ್ಚಿ ಕಾಯುತ್ತ ಕೂರಬೇಡಿ, ಮೇಲೆ ಹಚ್ಚುವ ಮುಲಾಮಿನಿಂದಲೂ ಹೋಗುವುದಿಲ್ಲ. ಸೋಂಕು ಕೂದಲಿನ ಬುಡದೊಳಗಿರುತ್ತದೆ, ಕೆಲವು ವಾರ ಹೊಟ್ಟೆಗೆ ಔಷಧಿ ಬೇಕು. ಚರ್ಮದ ವೈದ್ಯರಿಗೆ ತೋರಿಸಿ, ಅಲ್ಲಿಯವರೆಗೆ ಅವಳ ಬಾಚಣಿಗೆ, ಟೋಪಿ, ದಿಂಬು ಬೇರೆ ಇಡಿ.