‘ಸ್ವಂತ ಕೆಲಸಕ್ಕೆ ಹೋಗಿದ್ದೆ’ ಅಂತ ಮಾತ್ರ ಬರೆದುಕೊಡಬೇಡಿ

ಕಂಪನಿ ಕೆಲಸದ ಮೇಲೆ ಸ್ವಂತ ಬೈಕಿನಲ್ಲಿ ಹೋಗುವಾಗ ಅಪಘಾತ. ಎದುರಿನವರ ಕಾಲಿಗೆ ಪೆಟ್ಟು, ನಿಮ್ಮ ಮಣಿಕಟ್ಟು ಮುರಿದಿದೆ. ಮ್ಯಾನೇಜರ್ ಒಳ್ಳೆಯವರು, ಕಂಪನಿ ಹೆಸರು ಎತ್ತಬೇಡ ಅಂದಿದ್ದಾರೆ. ಪರಿಹಾರ ನಾನು ಕೊಡಬೇಕಾ, ಕಂಪನಿ ಕೊಡಬೇಕಾ ಅಂತ ಕೇಳಿದ್ದೀರಿ. ಓದುತ್ತಿದ್ದಂತೆ ಎದೆ ಧಸಕ್ ಅಂದಿತು. ನನಗೂ ಇದೇ ಮಾತು ಹೇಳಿದ್ದರು. ನಾನು ಹಾಗೇ ಮಾಡಿದೆ.

ಆಗ ಪೀಣ್ಯದ ಒಂದು ಹೈಡ್ರಾಲಿಕ್ ಕಂಪನಿಯಲ್ಲಿ ಸರ್ವಿಸ್ ಟೆಕ್ನಿಷಿಯನ್ ಆಗಿದ್ದೆ. 2021ರ ಮಳೆಗಾಲ. ದಾಬಸ್‌ಪೇಟೆಯ ಫ್ಯಾಕ್ಟರಿಯಲ್ಲಿ ಪ್ರೆಸ್ ನಿಂತುಹೋಗಿದೆ, ವಾಲ್ವ್ ತಗೊಂಡು ಈಗಲೇ ಹೊರಡು ಅಂತ ಮ್ಯಾನೇಜರ್ ಫೋನ್ ಮಾಡಿದರು. ವಾಲ್ವಿನ ಡಬ್ಬ ಹಿಂದಿನ ಸೀಟಿಗೆ ಕಟ್ಟಿಕೊಂಡು ಹೊರಟೆ. ತುಮಕೂರು ರಸ್ತೆಯಲ್ಲಿ ಮಾದನಾಯಕನಹಳ್ಳಿ ಹತ್ತಿರ ಹಿರಿಯರೊಬ್ಬರು ರಸ್ತೆ ದಾಟುತ್ತಿದ್ದರು. ಬ್ರೇಕ್ ಹಿಡಿದರೂ ಬೈಕ್ ಜಾರಿ ಅವರಿಗೆ ತಾಗಿತು. ಅವರ ತೊಡೆಯ ಮೂಳೆ ಮುರಿಯಿತು. ನನ್ನ ಬಲ ಭುಜ ಮುರಿಯಿತು.

ಸಂಜೆ ಮ್ಯಾನೇಜರ್ ಆಸ್ಪತ್ರೆಗೆ ಬಂದರು. ಹಣ್ಣು ತಂದಿದ್ದರು, ನನ್ನ ಹೆಂಡತಿಗೆ ಧೈರ್ಯ ಹೇಳಿದರು. ಆಮೇಲೆ ಮೆಲ್ಲಗೆ, ‘ನೋಡಪ್ಪಾ, ಕಂಪನಿ ಹೆಸರು ಬಂದ್ರೆ ಎಲ್ಲರಿಗೂ ತಲೆನೋವು. ಸ್ವಂತ ಕೆಲಸಕ್ಕೆ ಹೋಗ್ತಿದ್ದೆ ಅಂತ ಹೇಳಿಬಿಡು. ಉಳಿದದ್ದು ನಾವು ನೋಡ್ಕೋತೀವಿ’ ಅಂದರು. ಪೊಲೀಸರು ಕೇಳಿದಾಗ ಹಾಗೇ ಹೇಳಿದೆ. ಅಷ್ಟೇ ಆಗಿದ್ದರೆ ಮುಂದೆ ಸರಿಮಾಡಬಹುದಿತ್ತೇನೋ. ಎರಡು ದಿನ ಬಿಟ್ಟು ಆಫೀಸಿನಿಂದ ಒಂದು ರಜೆ ಅರ್ಜಿ ಬಂತು. ಟೈಪ್ ಮಾಡಿಯೇ ಕಳಿಸಿದ್ದರು. ‘ಅರ್ಧ ದಿನ ರಜೆ ಹಾಕಿ ಸ್ವಂತ ಕೆಲಸದ ಮೇಲೆ ಹೋಗುವಾಗ ಅಪಘಾತವಾಗಿದೆ’ ಅಂತ ಅದರಲ್ಲಿತ್ತು. ಎಡಗೈಯಲ್ಲಿ ಸಹಿ ಮಾಡಿದೆ.

ಆ ಒಂದು ಸಾಲು ಏನೇನು ಮಾಡಿತು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಆಗ ಇದನ್ನು ನನಗೆ ಯಾರೂ ಹೇಳಲಿಲ್ಲ.

ನನಗೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ ಇತ್ತು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇದ್ದವರಿಗೆ ಅದು ಇರುತ್ತದೆ. ನಮ್ಮ ಸಂಬಳದಿಂದ ನೂರಕ್ಕೆ 0.75, ಕಂಪನಿ ಕಡೆಯಿಂದ 3.25 ಕಟ್ಟುತ್ತಾರೆ. ಕೆಲಸದ ಮೇಲಿದ್ದಾಗ ಪೆಟ್ಟಾದರೆ, ವಾಸಿಯಾಗುವವರೆಗೂ ಸಂಬಳದಲ್ಲಿ ನೂರಕ್ಕೆ 90 ಭಾಗ ಕೊಡುತ್ತಾರೆ. ಅಂಗ ಮೊದಲಿನಂತಾಗದೇ ಇದ್ದರೆ ವೈದ್ಯಕೀಯ ಮಂಡಳಿ ನೋಡಿ, ಎಷ್ಟು ದುಡಿಮೆ ಶಕ್ತಿ ಹೋಯಿತೋ ಅದಕ್ಕೆ ತಕ್ಕಂತೆ ಜೀವನಪೂರ್ತಿ ತಿಂಗಳು ತಿಂಗಳು ಹಣ ಬರುತ್ತದೆ. ಸ್ವಂತ ಕೆಲಸಕ್ಕೆ ಹೋಗಿ ಬಿದ್ದರೆ ಅದು ಬರೀ ಕಾಯಿಲೆ ರಜೆಯ ಲೆಕ್ಕ. 70 ಭಾಗ, ಅದೂ ವರ್ಷಕ್ಕೆ ಹೆಚ್ಚೆಂದರೆ 91 ದಿನ.

ನನಗೆ ಸಿಕ್ಕಿದ್ದು ಈ ಎರಡನೆಯದು. ಚಿಕಿತ್ಸೆಗೆ ತೊಂದರೆ ಆಗಲಿಲ್ಲ, ಪ್ಲೇಟ್ ಹಾಕಿದರು. ಆದರೆ ಭುಜ ಪೂರ್ತಿ ಮೇಲೇಳಲೇ ಇಲ್ಲ. 91 ದಿನ ಮುಗಿದ ಮೇಲೂ ಸ್ಪ್ಯಾನರ್ ಹಿಡಿಯಲು ಆಗುತ್ತಿರಲಿಲ್ಲ. ಆಗ ಇಎಸ್‌ಐ ಶಾಖಾ ಕಚೇರಿಗೆ ಹೋಗಿ ನಿಜ ಹೇಳಿದೆ. ಅವರು ಕಂಪನಿಯನ್ನು ಕೇಳಿದರು. ಕಂಪನಿ ನನ್ನದೇ ಸಹಿಯ ರಜೆ ಅರ್ಜಿ ತೋರಿಸಿತು. ಹಾಜರಿ ಪುಸ್ತಕದಲ್ಲೂ ಅರ್ಧ ದಿನ ರಜೆ ಅಂತಿತ್ತು. ಅಪಘಾತದ ವರದಿಯನ್ನು ಅವರು ಕಳಿಸಿಯೇ ಇರಲಿಲ್ಲ. ಹೊರಡು ಅಂದದ್ದು ಫೋನಿನಲ್ಲಿ, ಮೆಸೇಜ್ ಇಲ್ಲ. ವಾಲ್ವಿನ ಡಬ್ಬವನ್ನು ಅವತ್ತೇ ಸಹೋದ್ಯೋಗಿಯೊಬ್ಬ ಬಂದು ತಗೊಂಡು ಹೋಗಿದ್ದ. ನಾನು ಆ ಫ್ಯಾಕ್ಟರಿ ತಲುಪದೇ ಇದ್ದದ್ದರಿಂದ ಅವರ ಗೇಟಿನ ಪುಸ್ತಕದಲ್ಲೂ ನನ್ನ ಹೆಸರಿಲ್ಲ. ಕೆಲಸದ ಮೇಲಿದ್ದೆ ಅನ್ನುವುದಕ್ಕೆ ನನ್ನ ಬಾಯಿಮಾತು ಬಿಟ್ಟು ಏನೂ ಉಳಿದಿರಲಿಲ್ಲ. ಆ ಬಾಯಿಯೇ ಮೊದಲು ಬೇರೆ ಹೇಳಿತ್ತು.

ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು. 2010ರ ತಿದ್ದುಪಡಿಯಿಂದ ಮನೆಯಿಂದ ಕೆಲಸಕ್ಕೆ ಹೋಗುವಾಗ, ಕೆಲಸದಿಂದ ಮನೆಗೆ ಬರುವಾಗ ಆದ ಅಪಘಾತವನ್ನೂ ಇಎಸ್‌ಐ ಕೆಲಸದ ಗಾಯ ಅಂತ ಒಪ್ಪುತ್ತದೆ. ಅಂದರೆ ಸುಮ್ನೆ ‘ಡ್ಯೂಟಿ ಮುಗಿಸಿ ಮನೆಗೆ ಹೋಗುತ್ತಿದ್ದೆ’ ಅನ್ನುವ ಪರಿಸ್ಥಿತಿ ಇದ್ದಿದ್ದರೂ ನನಗೆ ಹಣ ಬರುತ್ತಿತ್ತು. ‘ಸ್ವಂತ ಕೆಲಸ’ ಅನ್ನುವುದು ಎಲ್ಲ ಬಾಗಿಲನ್ನೂ ಮುಚ್ಚಿತು. ನೋಡ್ಕೋತೀವಿ ಅಂದವರು ಮೊದಲ ತಿಂಗಳು ಸ್ವಲ್ಪ ಹಣ ಕೊಟ್ಟರು. ಆಮೇಲೆ ಮ್ಯಾನೇಜರ್ ಬೇರೆ ಕಡೆ ಸೇರಿಕೊಂಡರು. ಹೊಸಬರಿಗೆ ಈ ಮಾತುಕತೆಯೇ ಗೊತ್ತಿರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ‘ನಾನಾ, ಕಂಪನಿಯಾ’ ಅನ್ನುವ ಪ್ರಶ್ನೆಯೇ ತಪ್ಪು ಜಾಗದಲ್ಲಿ ನಿಂತಿದೆ. ಗಾಯಗೊಂಡವರ ಪರಿಹಾರದ ಬಗ್ಗೆ ನೀವು ಅಷ್ಟು ಹೆದರಬೇಕಾಗಿಲ್ಲ. ಬೈಕಿಗೆ ವಿಮೆ ಚಾಲ್ತಿಯಲ್ಲಿದ್ದು ನಿಮ್ಮ ಲೈಸೆನ್ಸ್ ಸರಿಯಿದ್ದರೆ ಅದನ್ನು ಕೊಡುವುದು ವಿಮಾ ಕಂಪನಿ. ಮೂರನೆಯವರ ಗಾಯಕ್ಕೆ ಥರ್ಡ್ ಪಾರ್ಟಿ ವಿಮೆಯಲ್ಲಿ ಇಷ್ಟೇ ಅನ್ನುವ ಮಿತಿ ಇಲ್ಲ. ನನ್ನ ಕೇಸಿನಲ್ಲೂ ಆ ಹಿರಿಯರಿಗೆ ಅಪಘಾತ ಪರಿಹಾರದ ಟ್ರಿಬ್ಯುನಲ್ ಮೂಲಕ ವಿಮೆಯಿಂದಲೇ ಹಣ ಬಂತು, ಬರಲೇಬೇಕಿತ್ತು. ವಿಮೆ ಮುಗಿದಿದ್ದರೆ ಮಾತ್ರ ಕಷ್ಟ, ಆ ಹಣ ನಿಮ್ಮ ತಲೆಗೇ ಬರುತ್ತದೆ. ಕಂಪನಿ ಕೆಲಸದಲ್ಲಿದ್ದಿರಿ ಅಂತ ಗೊತ್ತಾದರೆ ಕಂಪನಿಯನ್ನೂ ಕೇಸಿನಲ್ಲಿ ಸೇರಿಸಲು ಗಾಯಗೊಂಡವರಿಗೆ ದಾರಿ ಇದೆ. ಮ್ಯಾನೇಜರ್ ಹೆದರುವುದು ಇದಕ್ಕೇ. ಅವರ ಹೆದರಿಕೆಯನ್ನು ನೀವು ಹೊತ್ತುಕೊಳ್ಳಬೇಡಿ.

ಕ್ರಿಮಿನಲ್ ಕೇಸ್ ಮಾತ್ರ ಬೈಕ್ ಓಡಿಸಿದವರದ್ದೇ. ಈಗ ಭಾರತೀಯ ನ್ಯಾಯ ಸಂಹಿತೆಯ 281 (ಅಜಾಗರೂಕ ಚಾಲನೆ) ಮತ್ತು 125 (ಅಜಾಗರೂಕತೆಯಿಂದ ಬೇರೆಯವರಿಗೆ ಅಪಾಯ, ಗಾಯ) ಸೆಕ್ಷನ್ ಹಾಕುತ್ತಾರೆ. ಅದನ್ನು ಯಾವ ಕಂಪನಿಯೂ ನಿಮ್ಮ ಬದಲು ಹೊರಲು ಆಗುವುದಿಲ್ಲ. ಹಾಗಾಗಿ ‘ಎಲ್ಲ ನೋಡ್ಕೋತೀವಿ’ ಅನ್ನುವುದು ಮೊದಲಿಂದಲೇ ಸುಳ್ಳು ಭರವಸೆ.

ನಿಜವಾದ ಪ್ರಶ್ನೆ, ನಿಮ್ಮ ಮುರಿದ ಕೈಗೆ ಯಾರು ಕೊಡುತ್ತಾರೆ ಅನ್ನುವುದು. ಬೈಕ್ ವಿಮೆಯಲ್ಲಿ ಮಾಲೀಕ ಸವಾರರಿಗೆ 15 ಲಕ್ಷದ ಅಪಘಾತ ವಿಮೆ ಇದೆಯಲ್ಲ ಅಂತ ಯಾರಾದರೂ ಹೇಳಬಹುದು. ಅದು ಸಾವಿಗೆ, ಕೈಕಾಲು ಅಥವಾ ಕಣ್ಣು ಹೋದರೆ, ಶಾಶ್ವತವಾಗಿ ಪೂರ್ತಿ ಅಂಗವಿಕಲರಾದರೆ. ಮೂಳೆ ಮುರಿತಕ್ಕೆ ಅದರಿಂದ ಏನೂ ಬರುವುದಿಲ್ಲ. ನಿಮ್ಮ ಸಂಬಳ 19,000 ಅಂತ ಬರೆದಿದ್ದೀರಿ, ಆದ್ದರಿಂದ ನಿಮ್ಮ ದಾರಿ ಇಎಸ್‌ಐ. (ಇಎಸ್‌ಐ ವ್ಯಾಪ್ತಿಗೆ ಬರದವರಿಗೆ ನೌಕರರ ಪರಿಹಾರದ ನಿಯಮದಡಿ ಕಂಪನಿಯೇ ನೇರವಾಗಿ ಕೊಡಬೇಕು.) ನವೆಂಬರ್ 2025ರಿಂದ ಇಎಸ್‌ಐ, ನೌಕರರ ಪರಿಹಾರ ಎರಡೂ ಸಾಮಾಜಿಕ ಭದ್ರತಾ ಸಂಹಿತೆ ಅನ್ನುವ ಹೊಸ ಕಾನೂನಿನೊಳಗೆ ಬಂದಿವೆ. ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತ ಅಲ್ಲೂ ಸೇರಿದೆ.

ಮ್ಯಾನೇಜರ್ ಒಳ್ಳೆಯವರು ಅಂದಿರಿ. ನನ್ನ ಮ್ಯಾನೇಜರ್ ಕೂಡ ಒಳ್ಳೆಯವರೇ ಆಗಿದ್ದರು. ಅದರಿಂದ ನನಗೆ ಏನೂ ಉಪಯೋಗ ಆಗಲಿಲ್ಲ.

ಇವತ್ತೇ ಇದನ್ನು ಮಾಡಿ. ನಿಮ್ಮ ಫೋನಿನಲ್ಲಿರುವ ಕಾಲ್ ಲಿಸ್ಟ್, ಲೊಕೇಶನ್, ಕಸ್ಟಮರ್ ಜೊತೆಗಿನ ಮೆಸೇಜ್, ಡೆಲಿವರಿ ಚಲನ್, ಪೆಟ್ರೋಲ್ ವೋಚರ್, ಎಲ್ಲದರ ಫೋಟೋ ತೆಗೆದು ಮನೆಯವರ ಫೋನಿಗೂ ಕಳಿಸಿ. ವಿಮಾ ಕಂಪನಿಗೆ ಇನ್ನೂ ತಿಳಿಸಿಲ್ಲದಿದ್ದರೆ ಈಗಲೇ ತಿಳಿಸಿ. ಎಚ್‌ಆರ್‌ಗೆ ಇಮೇಲ್ ಬರೆಯಿರಿ: ಇಂಥ ದಿನ, ಇಷ್ಟು ಹೊತ್ತಿಗೆ, ಇಂಥವರು ಹೇಳಿದ್ದರಿಂದ ಇಲ್ಲಿಂದ ಇಲ್ಲಿಗೆ ಹೋಗುತ್ತಿದ್ದೆ, ಇಎಸ್‌ಐಗೆ ಅಪಘಾತ ವರದಿ ಕಳಿಸಿ. ಖಾಲಿ ಹಾಳೆಗಾಗಲಿ, ಅವರು ಟೈಪ್ ಮಾಡಿ ತಂದ ಅರ್ಜಿಗಾಗಲಿ ಸಹಿ ಹಾಕಬೇಡಿ. ಆಗಲೇ ಸ್ವಂತ ಕೆಲಸ ಅಂತ ಹೇಳಿಬಿಟ್ಟಿದ್ದರೆ ಕಾಯಬೇಡಿ. ಠಾಣೆಗೆ, ಕಂಪನಿಗೆ, ಇಎಸ್‌ಐ ಶಾಖಾ ಕಚೇರಿಗೆ ಒಂದೇ ದಿನ ನಿಜ ಬರೆದು ಕೊಡಿ, ಯಾರ ಮಾತಿಗೆ ಹಾಗೆ ಹೇಳಿದೆ ಅನ್ನುವುದನ್ನೂ ಸೇರಿಸಿ, ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ. ಇಎಸ್‌ಐ ಒಪ್ಪದಿದ್ದರೆ ನೌಕರರ ವಿಮಾ ನ್ಯಾಯಾಲಯಕ್ಕೆ ಹೋಗಬಹುದು. ನಾನು ಹೋಗಬೇಕು ಅಂದುಕೊಳ್ಳುವ ಹೊತ್ತಿಗೆ ಕೈಯಲ್ಲಿ ದುಡ್ಡೂ ಇರಲಿಲ್ಲ, ಕಾಗದವೂ ಇರಲಿಲ್ಲ. ನಿಮ್ಮ ಹತ್ತಿರ ಕಾಗದ ಇನ್ನೂ ಇರಬಹುದು.