ಗೇರ್ ಬೀಳದಿದ್ದರೆ ಮೊದಲು ಪೆಡಲ್ ನೋಡಿ

ಪ್ರಶ್ನೆ: ನನ್ನದು 2008ರ ಡೀಸೆಲ್ ಪಿಕಪ್. ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ಹೊಡೆಯುತ್ತೇನೆ. ಹೋದ ವರ್ಷ ಹೊಸ ಕ್ಲಚ್ ಪ್ಲೇಟ್ ಹಾಕಿಸಿದೆ, ಆರು ತಿಂಗಳು ಚೆನ್ನಾಗಿತ್ತು. ಈಗ ಗಾಡಿ ನಿಂತಿದ್ದಾಗ ಫಸ್ಟ್ ಗೇರ್ ಬೀಳುವುದಿಲ್ಲ, ರಿವರ್ಸಿಗೆ ಹಾಕಿದರೆ ಕರಕರ ಅನ್ನುತ್ತದೆ. ಪೆಡಲ್ ಎರಡು ಮೂರು ಸಲ ಒತ್ತಿದರೆ ಬೀಳುತ್ತದೆ. ಗೇರ್‌ಬಾಕ್ಸ್ ಇಳಿಸಬೇಕು ಅಂತಾರೆ ಗ್ಯಾರೇಜಿನವರು. ಇಳಿಸಲಾ ಸರ್?

ಉತ್ತರ: ಈಗಲೇ ಬೇಡ. 'ಎರಡು ಮೂರು ಸಲ ಒತ್ತಿದರೆ ಬೀಳುತ್ತದೆ' ಅಂದಿರಲ್ಲ, ಉತ್ತರದ ಮುಕ್ಕಾಲು ಪಾಲು ಅಲ್ಲೇ ಇದೆ. ಗೇರ್‌ಬಾಕ್ಸಿನ ಹಲ್ಲು ಸವೆದಿದ್ದರೆ ಪೆಡಲ್ ಎಷ್ಟು ಸಲ ಒತ್ತಿದರೂ ಅದಕ್ಕೇನು?

ಎಂಜಿನ್ ಆಫ್ ಮಾಡಿ ಎಲ್ಲ ಗೇರುಗಳನ್ನೂ ಹಾಕಿ ನೋಡಿ. ಆಗ ಸಲೀಸಾಗಿ ಬಿದ್ದು, ಸ್ಟಾರ್ಟ್ ಮಾಡಿದ ಮೇಲೆ ಮಾತ್ರ ಹಟ ಹಿಡಿದರೆ, ಪೆಡಲ್ ಒತ್ತಿದರೂ ಕ್ಲಚ್ ಎಂಜಿನ್ನನ್ನು ಗೇರ್‌ಬಾಕ್ಸಿನಿಂದ ಪೂರ್ತಿ ಬಿಡಿಸುತ್ತಿಲ್ಲ ಎಂದರ್ಥ. ಆಫ್ ಇದ್ದಾಗಲೂ ಬಿಗಿಯಾಗಿದ್ದರೆ ಗೇರ್ ಲಿವರಿನ ಬುಷ್, ಲಿಂಕೇಜ್ ಕಡೆ ಹೋಗಬೇಕು. ಓಡುವಾಗ ಒಂದೇ ಗೇರ್, ಸಾಮಾನ್ಯವಾಗಿ ಸೆಕೆಂಡ್, ಕರಕರ ಅಂದರೆ ಅದರ ಸಿಂಕ್ರೊ ರಿಂಗ್, ಅಂದರೆ ಗೇರ್ ಬೀಳುವ ಮೊದಲು ವೇಗ ಹೊಂದಿಸುವ ಬಳೆ, ಸವೆದಿರಬಹುದು. ಗೇರ್‌ಬಾಕ್ಸ್ ಬಿಚ್ಚುವ ಮಾತು ಅಲ್ಲಿಗೆ ಸರಿ.

ನಿಮ್ಮದು ಹೈಡ್ರಾಲಿಕ್ ಕ್ಲಚ್, ಅಂದರೆ ಪೆಡಲಿನ ಒತ್ತಡ ಫ್ಲೂಯಿಡ್ ಮೂಲಕ ಹೋಗುವಂಥದ್ದು, ಎಂದುಕೊಂಡು ಹೇಳುತ್ತೇನೆ. ಕೇಬಲ್ ಕ್ಲಚ್ ಆಗಿದ್ದರೆ ಪದೇ ಪದೇ ಒತ್ತಿದರೆ ಸರಿಹೋಗುವ ಪ್ರಶ್ನೆಯೇ ಇಲ್ಲ. ಹಾಗಾಗಿ ಫ್ಲೂಯಿಡ್ ಲೈನಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಸಿಲಿಂಡರಿನ ರಬ್ಬರ್ ವಾಷರ್ ಸೋತಿದೆ. ಫ್ಲೂಯಿಡ್ ಡಬ್ಬಿಯ ಮಟ್ಟ ನೋಡಿ. ಗೇರ್‌ಬಾಕ್ಸಿನ ಪಕ್ಕದಲ್ಲಿದ್ದು ಕ್ಲಚ್ಚನ್ನು ತಳ್ಳುವ ಸ್ಲೇವ್ ಸಿಲಿಂಡರಿನ ರಬ್ಬರ್ ಟೋಪಿ ಸರಿಸಿ ನೋಡಿ. ಕೆಸರು ನೀರೆಲ್ಲ ಅದರ ಮೇಲೇ ಎರಚುವುದರಿಂದ ಅಲ್ಲೇ ಮೊದಲು ಜಿನುಗುತ್ತದೆ. ಆಮೇಲೆ ಪೆಡಲ್ ಮೇಲ್ಗಡೆ, ಮಾಸ್ಟರ್ ಸಿಲಿಂಡರಿಗೆ ರಾಡ್ ಒಳಹೋಗುವ ಜಾಗವನ್ನು ಬೆರಳಲ್ಲಿ ಸವರಿ.

ಎಲ್ಲಾ ಒಣಗಿದ್ದರೆ ಇನ್ನೊಂದು ಪರೀಕ್ಷೆ. ಸಮತಟ್ಟಾದ ಬಯಲಲ್ಲಿ, ಎದುರಿಗೆ ಯಾರೂ ಇಲ್ಲದಾಗ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಕ್ಲಚ್ ಒತ್ತಿ ಫಸ್ಟ್ ಹಾಕಿ. ಒಂದು ನಿಮಿಷ ಹಾಗೇ ಒತ್ತಿ ಹಿಡಿದಾಗ ಗಾಡಿ ತಾನಾಗಿ ಮುಂದೆ ಜಗ್ಗತೊಡಗಿದರೆ ಮಾಸ್ಟರ್ ಸಿಲಿಂಡರಿನಲ್ಲಿ ಒತ್ತಡ ಒಳಗೊಳಗೇ ಜಾರುತ್ತಿದೆ. ಸಿಲಿಂಡರ್ ಕಿಟ್ (ಒಳಗಿನ ರಬ್ಬರ್‌ಗಳ ಸೆಟ್) ಹಾಕಿಸಿ, ಲೈನಿನ ಏರ್ ತೆಗೆಸಿದರೆ ಸಾಕು. ಆದರೆ ಸಿಲಿಂಡರಿನ ಒಳಗೋಡೆ ತುಕ್ಕು ಹಿಡಿದು ಗೀರು ಬಿದ್ದಿದ್ದರೆ ಕಿಟ್ ಹಾಕಿ ಫಲವಿಲ್ಲ, ಸಿಲಿಂಡರನ್ನೇ ಬದಲಿಸಿ. ಫ್ಲೂಯಿಡ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಡಾಟ್ 3 ಅಥವಾ ಡಾಟ್ 4 ಬ್ರೇಕ್ ಫ್ಲೂಯಿಡನ್ನೇ ಸುರಿಯಿರಿ. ಹಳ್ಳಿಗಳಲ್ಲಿ ಕೈಗೆ ಸಿಕ್ಕಿದ ಎಂಜಿನ್ ಆಯಿಲ್ ಹಾಕಿದ್ದನ್ನು ಕಂಡಿದ್ದೇನೆ, ರಬ್ಬರೆಲ್ಲ ಊದಿಕೊಂಡು ಎರಡು ಸಿಲಿಂಡರೂ ಹಾಳಾಗುತ್ತವೆ.

ಇಷ್ಟಾದರೂ ಸರಿಹೋಗದಿದ್ದರೆ ಒಬ್ಬರಿಗೆ ಪೆಡಲ್ ಒತ್ತಲು ಹೇಳಿ, ಸ್ಲೇವಿನ ರಾಡ್ ಎಷ್ಟು ಚಾಚುತ್ತದೆ ನೋಡಿ. ಪೂರ್ತಿ ಚಾಚಿಯೂ ಗೇರ್ ಬೀಳದಿದ್ದರೆ ಆ ರಾಡ್ ತಳ್ಳುವ ರಿಲೀಸ್ ಫೋರ್ಕ್, ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ಅಥವಾ ಫ್ಲೈವೀಲಿನ ನಡುವಿನ ಪೈಲಟ್ ಬೇರಿಂಗ್ ಮೇಲೆ ಅನುಮಾನ ಪಡಬೇಕು. ಆಗ ಇಳಿಸಲೇಬೇಕು. ಕ್ಲಚ್ ಪ್ಲೇಟನ್ನು ತಿರುವುಮುರುವಾಗಿ ಕೂರಿಸಿದ್ದರೆ ಮೊದಲ ದಿನವೇ ತೊಂದರೆ ಕೊಡುತ್ತಿತ್ತು, ಆ ಯೋಚನೆ ಬಿಡಿ.

ಪ್ರಶ್ನೆ: ಕ್ಲಚ್ ಒತ್ತಿದಾಗ ಕಿರ್ರ್ ಎಂಬ ಸದ್ದು, ಬಿಟ್ಟರೆ ಇಲ್ಲ. ಏನದು?

ಉತ್ತರ: ರಿಲೀಸ್ ಬೇರಿಂಗ್, ಪೆಡಲ್ ಒತ್ತಿದಾಗ ಕ್ಲಚ್ಚನ್ನು ತಳ್ಳುವ ಬೇರಿಂಗ್. ಸದ್ದು ನ್ಯೂಟ್ರಲ್‌ನಲ್ಲಿ ಕಾಲು ತೆಗೆದಾಗ ಬಂದು ಒತ್ತಿದಾಗ ನಿಂತರೆ ಗೇರ್‌ಬಾಕ್ಸಿನ ಇನ್‌ಪುಟ್ ಬೇರಿಂಗ್. ಸದ್ದು ಸಣ್ಣದಿದ್ದರೆ ತಕ್ಷಣ ಬಿಚ್ಚಿಸಬೇಡಿ. ಪ್ಲೇಟ್ ಬದಲಿಸುವಾಗ ಜೊತೆಯಲ್ಲೇ ಹಾಕಿಸಿ, ಇಳಿಸುವ ಕೂಲಿ ಒಂದೇ ಸಲ. ಅಲ್ಲಿವರೆಗೆ ಸಿಗ್ನಲಿನಲ್ಲಿ ಕ್ಲಚ್ ಒತ್ತಿಕೊಂಡು ಕಾಯದೆ ನ್ಯೂಟ್ರಲ್ ಮಾಡಿ ಕಾಲು ತೆಗೆಯಿರಿ.